ಹಳೆಯ ಪಾಲಿಯೋಗೆ ಯಾವ ಬುಶ್? ಎರೆಭೂಮಿಯ ರಸ್ತೆಯಲ್ಲಿ ನಾಲ್ಕು ಬಗೆಗಳ ಹೋಲಿಕೆ

ಫಿಯೆಟ್ ಪಾಲಿಯೋವನ್ನು ಸ್ಪೋರ್ಟ್ಸ್ ಕಾರು ಎಂದರೆ ನಮ್ಮ ಮನೆಯವರೇ ನಗುತ್ತಾರೆ. ನೋಟಕ್ಕೆ ಅದು ಐದು ಬಾಗಿಲಿನ ಸಂಸಾರವಂದಿಗ ಕಾರು. ಆದರೆ 2001ರಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂದಾಗ ಅದರ ಮೇಲ್ದರ್ಜೆಯ ಮಾದರಿಯಲ್ಲಿ 1596 ಸಿಸಿಯ, ಹದಿನಾರು ವಾಲ್ವುಗಳ, ಸುಮಾರು 100 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇತ್ತು. ಅಷ್ಟು ಚಿಕ್ಕ ಒಡಲಿನಲ್ಲಿ ಅಷ್ಟು ಕಸುವು ಆ ದಿನಗಳಲ್ಲಿ ಅಪರೂಪವಾಗಿತ್ತು. ನನ್ನ ಬಳಿ ಇರುವುದು ಆ 1.6 ಲೀಟರ್ ಎಂಜಿನ್ನಿನ ಮಾದರಿ. ನಾಲ್ಕು ವರ್ಷಗಳ ಹಿಂದೆ ಕಲಬುರಗಿಯಿಂದ ಹುಮನಾಬಾದಿಗೆ ಹೊರಟಿದ್ದಾಗ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲೆಂದು ಬ್ರೇಕ್ ಒತ್ತಿದೆ; ಕಾರು ತಾನಾಗಿಯೇ ಅಂಗಡಿಯ ಕಡೆಗೆ, ಅಂದರೆ ಎಡಕ್ಕೆ, ಎಳೆಯಿತು. ಅದಕ್ಕೂ ಮೊದಲೇ ರಸ್ತೆಯುಬ್ಬುಗಳ ಮೇಲೆ ‘ಟಕ್’ ಎಂಬ ಸದ್ದು ಕೇಳುತ್ತಿತ್ತು, ಮುಂದಿನ ಟೈರುಗಳ ಒಳ ಅಂಚು ಸವೆಯುತ್ತಿತ್ತು. ಕಾರನ್ನು ಎತ್ತಿ ನೋಡಿದಾಗ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳತೋಳಿನ, ಕೀಲಿನಲ್ಲಿ ಕೂತು ಹೊಡೆತ ನುಂಗುವ ಬುಶ್‌ಗಳ ರಬ್ಬರು ಒಳಗಿನ ಕಬ್ಬಿಣದ ಕೊಳವೆಯಿಂದ ಕಿತ್ತು ಬಂದಿತ್ತು.

ಪಾಲಿಯೋದ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿರುವ) ವ್ಯವಸ್ಥೆಯಿದ್ದು, ಪ್ರತಿ ಚಕ್ರದ ಕೆಳಗಿನ ಲೋವರ್ ಆರ್ಮ್ ಎರಡು ಬುಶ್‌ಗಳ ಮೇಲೆ ಆಡುತ್ತದೆ. ಹೊರಗಿನಿಂದ ಎರಡೂ ರಬ್ಬರಿನ ಉಂಡೆಗಳಂತೆ ಕಂಡರೂ ಅವುಗಳ ಕೆಲಸ ಒಂದೇ ಅಲ್ಲ. ಮುಂದಿನ ಬುಶ್ ಮುಖ್ಯವಾಗಿ ತಿರುವಿನಲ್ಲಿ ಬರುವ ಅಡ್ಡ ಬಲವನ್ನು ತಡೆಯುತ್ತದೆ. ಹಿಂದಿನದು ಬ್ರೇಕಿನ ಮತ್ತು ಗುಂಡಿಗಳ ಹಿಂದುಮುಂದಿನ ಹೊಡೆತವನ್ನು ನುಂಗಬೇಕು. ಅದಕ್ಕಾಗಿಯೇ ಅದನ್ನು ಸ್ವಲ್ಪ ಮೆದುವಾಗಿ ಮಾಡಿರುತ್ತಾರೆ. ಈ ವ್ಯತ್ಯಾಸ ನನಗೆ ಹೊಳೆದದ್ದು ಮೂರು ಬಗೆಯ ಬುಶ್‌ಗಳಿಗೆ ಹಣ ಸುರಿದ ಮೇಲೆ.

ಇಲ್ಲಿನ ರಸ್ತೆಯ ಬಗೆಗೂ ಒಂದು ಮಾತು ಹೇಳಬೇಕು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ಮೂರು ವರ್ಷಗಳಲ್ಲಿ ಅಲೆಅಲೆಯಾಗುತ್ತದೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಭಾರವೂ ಇದಕ್ಕೆ ಸೇರುತ್ತದೆ. ಗುಂಡಿಯ ಹೊಡೆತ ಒಂದು ಕ್ಷಣದ್ದು. ಆದರೆ ಈ ಅಲೆಗಳ ಮೇಲೆ ಚಕ್ರವು ಪ್ರತಿಸಲವೂ ಪೂರ್ತಿ ಮೇಲೇರಿ ಪೂರ್ತಿ ಕೆಳಗಿಳಿಯುವುದರಿಂದ ಬುಶ್ ಮೈಲಿಗಟ್ಟಲೆ ತಿರುಚಿಕೊಳ್ಳುತ್ತಲೇ ಇರುತ್ತದೆ. ಹೀಗಾಗಿ ನುಣುಪಾದ ಹೆದ್ದಾರಿಯಲ್ಲಿ ಕಾರು ಓಡಿಸುವವರ ಶಿಫಾರಸು ಇಲ್ಲಿಗೆ ಹಾಗೆಯೇ ಒಗ್ಗುವುದಿಲ್ಲ.

ಮೊದಲು ಹಾಕಿಸಿದ್ದು ಹೈದರಾಬಾದಿನಿಂದ ತರಿಸಿದ ಮಾರುಕಟ್ಟೆಯ ಅಗ್ಗದ ರಬ್ಬರ್ ಬುಶ್. ಮೊದಲ ತಿಂಗಳು ಕಾರು ಹೊಸದರಂತೆ ಓಡಿತು, ಐದನೆಯ ತಿಂಗಳಿಗೆ ‘ಟಕ್’ ಸದ್ದು ಮರಳಿ ಬಂತು. ‘ಅಗ್ಗದ ಮಾಲು, ಇಷ್ಟೇ’ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ. ಆದರೆ ಬಿಚ್ಚಿ ನೋಡಿದಾಗ ಎರಡೂ ಬದಿಯ ರಬ್ಬರು ಒಂದೇ ದಿಕ್ಕಿಗೆ ಹರಿದಿದ್ದು ವಿಚಿತ್ರವೆನಿಸಿತು. ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರಗಳು ಜೋತುಬಿದ್ದಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದಿದ್ದರು. ರಬ್ಬರ್ ಬುಶ್ಶಿನಲ್ಲಿ ಒಳಕೊಳವೆಗೂ ಹೊರಕವಚಕ್ಕೂ ರಬ್ಬರು ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿದೊಡನೆ ಒಳಕೊಳವೆ ಅಲ್ಲಾಡದಂತೆ ನಿಲ್ಲುತ್ತದೆ, ಉಳಿದ ಚಲನೆಯೆಲ್ಲ ರಬ್ಬರು ತಿರುಚಿಕೊಳ್ಳುವುದರಿಂದಲೇ ಆಗಬೇಕು. ಚಕ್ರ ಜೋತಿರುವಾಗ ಬಿಗಿದರೆ, ಕಾರನ್ನು ನೆಲಕ್ಕೆ ಇಳಿಸಿದ ಕ್ಷಣದಿಂದಲೇ ರಬ್ಬರು ಅರ್ಧ ತಿರುಚಿದ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ರಸ್ತೆಯ ಅಲೆಗಳ ತಿರುಚು ಬೇರೆ. ಇದರಲ್ಲಿ ಅಗ್ಗದ ಮಾಲಿನ ತಪ್ಪು ಎಷ್ಟು, ಕೆಲಸದ ತಪ್ಪು ಎಷ್ಟು ಎಂದು ಬೇರ್ಪಡಿಸದೆ ತೀರ್ಪು ಕೊಟ್ಟಿದ್ದು ನನ್ನ ಅವಸರ.

ಎರಡನೆಯದು, ಪರಿಚಿತ ಮಿಸ್ತ್ರಿಯೊಬ್ಬರು ಲೇತಿನವರ ಹತ್ತಿರ ಮಾಡಿಸಿಕೊಟ್ಟ ಗಟ್ಟಿ ನೈಲಾನಿನ ಬುಶ್. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಸ್ಟೀರಿಂಗ್ ಚುರುಕಾಯಿತು, ನಿಜ. ಆದರೆ ಪ್ರತಿ ಹರಳುಕಲ್ಲೂ ಹಲ್ಲಿಗೆ ತಾಗುವಂತಾಯಿತು. ಬುಶ್ ನುಂಗದ ಹೊಡೆತವನ್ನು ಲೋವರ್ ಆರ್ಮ್ ಮತ್ತು ಅದನ್ನು ಹಿಡಿದ ತಗಡು ನುಂಗಬೇಕಾಗುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರಿನ ತಗಡಿನ ಮೇಲೆ ಅಂಥ ಪ್ರಯೋಗ ಬೇಡವೆನಿಸಿ ಒಂದೇ ತಿಂಗಳಿಗೆ ತೆಗೆಸಿದೆ.

ನಂತರ ನಾಲ್ಕೂ ಜಾಗಕ್ಕೆ ಪಾಲಿಯುರೆಥೇನ್ (ಚಿಕ್ಕದಾಗಿ ಪಾಲಿ; ರಬ್ಬರಿನಂಥದೇ ಆದರೆ ಹೆಚ್ಚು ಗಡುಸಾದ ಕೃತಕ ವಸ್ತು) ಬುಶ್ ಹಾಕಿಸಿದೆ. ಗಡುಸುತನವನ್ನು ಶೋರ್ ಎ ಮಾಪನದಲ್ಲಿ ಹೇಳುತ್ತಾರೆ: ಕಾರಿನ ಸಾಮಾನ್ಯ ರಬ್ಬರ್ ಬುಶ್ ಸುಮಾರು 60ರ ಆಸುಪಾಸಿನಲ್ಲಿದ್ದರೆ, ರಸ್ತೆ ಬಳಕೆಯ ಪಾಲಿ ಸುಮಾರು 80, ರೇಸಿನದು 95ರವರೆಗೂ ಇರುತ್ತದೆ. ಕೆಂಪು, ಹಳದಿ ಬಣ್ಣ ನೋಡಿ ಗಡುಸನ್ನು ಊಹಿಸಬಾರದು, ಏಕೆಂದರೆ ಬಣ್ಣದ ಲೆಕ್ಕ ಒಬ್ಬೊಬ್ಬ ತಯಾರಕರಿಗೆ ಒಂದೊಂದು. ನಾನು 80ರದ್ದನ್ನು ಆರಿಸಿದೆ. ಇದರ ರಚನೆಯೇ ಬೇರೆ: ಇಲ್ಲಿ ಏನೂ ಅಂಟಿಕೊಂಡಿರುವುದಿಲ್ಲ, ಕೊಳವೆಯು ಬುಶ್ಶಿನ ಒಳಗೆ ಜಾರುತ್ತಾ ತಿರುಗುತ್ತದೆ. ಆದ್ದರಿಂದ ಬೋಲ್ಟನ್ನು ಯಾವ ಎತ್ತರದಲ್ಲಿ ಬಿಗಿದರೂ ಅದು ತಿರುಚಿ ಹರಿಯುವ ಪ್ರಶ್ನೆಯಿಲ್ಲ. ಎಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕಿದರೂ ರಬ್ಬರಿನಂತೆ ಉಬ್ಬಿ ಮೆತ್ತಗಾಗುವುದಿಲ್ಲ. ಬ್ರೇಕ್ ಒತ್ತಿದಾಗಿನ ಎಳೆತ ಪೂರ್ತಿ ನಿಂತಿತು. ರಿಂಗ್ ರಸ್ತೆಯ ವೃತ್ತಗಳಲ್ಲಿ ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುವ ಖುಷಿ, ಆ ಎಂಜಿನ್ನಿಗೆ ಕೊನೆಗೂ ತಕ್ಕ ಜೋಡಿ ಸಿಕ್ಕಿತು ಎನ್ನುವಂತಿತ್ತು.

ಆ ಖುಷಿ ಬೇಸಿಗೆಯವರೆಗೆ ಉಳಿಯಿತು. ಜಾರುವ ವಸ್ತುವಿಗೆ ಗ್ರೀಸ್ ಬೇಕು, ಅದರಲ್ಲೂ ನೀರಿಗೆ ತೊಳೆದುಹೋಗದ ಅಂಟಿನ ಸಿಲಿಕೋನ್ ಗ್ರೀಸ್ ಬೇಕು. ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲಿನ ಧೂಳು ಆ ಗ್ರೀಸಿಗೆ ಮೆತ್ತಿಕೊಂಡು ಅರೆಯುವ ಹಿಟ್ಟಾಗುತ್ತದೆ. ಮೇ ತಿಂಗಳ ಹೊತ್ತಿಗೆ ನನ್ನ ಕಾರು ಹಳೆಯ ಮನೆಯ ತೊಲೆಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ಸದ್ದಿಗಿಂತ ಬೇಸರ ತಂದದ್ದು ಅಲೆಗಳ ಮೇಲಿನ ನಡೆ: ಜಾರಬೇಕಾದ ಕೊಳವೆ ಒಮ್ಮೆ ಹಿಡಿದು ಒಮ್ಮೆ ಬಿಡುವುದರಿಂದ, ಜೇವರ್ಗಿ ಕಡೆಗೆ ಹೋಗುವಾಗ ಚಿಕ್ಕ ಉಬ್ಬುಗಳಲ್ಲಿ ಕಾರಿನ ಮೂತಿ ಕುಪ್ಪಳಿಸುತ್ತಿತ್ತು. ಅದೂ ಅಲ್ಲದೆ, ಎಲ್ಲ ದಿಕ್ಕಿಗೂ ಸ್ವಲ್ಪ ವಾಲಬೇಕಾದ ಹಿಂದಿನ ಬುಶ್ಶಿಗೆ ಪಾಲಿಯ ಹಟ ಸರಿಹೋಗುವುದಿಲ್ಲ. ಬಿಚ್ಚಿದಾಗ ಮುಂದಿನ ಜೋಡಿ ಹೊಸದರಂತಿತ್ತು, ಹಿಂದಿನ ಜೋಡಿಯ ಅಂಚು ಮಾತ್ರ ಒಂದು ಬದಿಗೆ ಸವೆದು ಓರೆಯಾಗಿತ್ತು. ಒಂದೇ ವಸ್ತು, ಒಂದೇ ಧೂಳು, ಒಂದೇ ಗ್ರೀಸ್, ಆದರೂ ಎರಡು ಫಲ.

ಹೀಗಾಗಿ ಈಗ ಮುಂದಿನ ಜಾಗದಲ್ಲಿ ಪಾಲಿ, ಹಿಂದಿನ ಜಾಗದಲ್ಲಿ ಕಂಪನಿಯ ಮೂಲ ರಬ್ಬರ್ ಇದೆ. ಮೂಲ ಬುಶ್ ಹುಡುಕುವುದೇ ಒಂದು ತೀರ್ಥಯಾತ್ರೆ, ಏಕೆಂದರೆ ಭಾರತದಲ್ಲಿ ಫಿಯೆಟ್ ಕಾರುಗಳ ತಯಾರಿಕೆ ನಿಂತು ವರ್ಷಗಳಾಗಿವೆ. ಸೊಲ್ಲಾಪುರದ ಅಂಗಡಿಯೊಂದರಲ್ಲಿ ನನಗೆ ಎರಡು ಜೋಡಿ ಸಿಕ್ಕವು. ಪೊಟ್ಟಣ ಒಡೆಯದಿದ್ದ ಮಾತ್ರಕ್ಕೆ ಅವು ಹೊಸವಲ್ಲ. ಕಪಾಟಿನಲ್ಲಿದ್ದರೂ ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನಿಗೆ ರಬ್ಬರು ಮುಪ್ಪಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡ ಜೋಡಿಯನ್ನು ಅಲ್ಲೇ ಬಿಟ್ಟು ಬಂದೆ. ಈ ಬಾರಿ ಬೋಲ್ಟುಗಳನ್ನು ಸಡಿಲವಾಗಿಟ್ಟು, ಕಾರನ್ನು ನೆಲಕ್ಕಿಳಿಸಿ, ನಾಲ್ಕಾರು ಸಲ ಒತ್ತಿ ಕುಲುಕಿಸಿ, ಅದರ ಸಹಜ ಎತ್ತರದಲ್ಲೇ ಬಿಗಿಸಿದೆ. ಮರುದಿನವೇ ಅಲೈನ್‌ಮೆಂಟ್ ಆಯಿತು. ಸ್ಟೀರಿಂಗಿನ ಚುರುಕು ನಾಲ್ಕೂ ಪಾಲಿಯಿದ್ದಾಗಿನಷ್ಟಿಲ್ಲ, ಅದರ ಮುಕ್ಕಾಲು ಪಾಲು ಎನ್ನಬಹುದು. ಆದರೆ ಅಲೆಗಳ ಮೇಲೆ ಕಾರು ತೇಲುತ್ತದೆ, ಕುಪ್ಪಳಿಸುವುದಿಲ್ಲ.

ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸರಳಿನ, ಅಂದರೆ ಸ್ಟೆಬಿಲೈಸರ್ ಬಾರಿನ, ಬುಶ್ಶಿಗೆ ಪಾಲಿಯೇ ಸರಿ. ಅದು ಅಗ್ಗ, ಬಿಚ್ಚುವುದು ಸುಲಭ, ಕಿರ್ರೆಂದರೆ ಗ್ರೀಸ್ ಹಾಕಲು ಅರ್ಧ ಗಂಟೆ ಸಾಕು. ಮಾರುಕಟ್ಟೆಯ ಅಗ್ಗದ ರಬ್ಬರಿಗೂ ನ್ಯಾಯ ಸಲ್ಲಿಸಬೇಕೆಂದು ಅದೇ ತಯಾರಿಕೆಯ ಬುಶ್‌ಗಳನ್ನು ಗೆಳೆಯರೊಬ್ಬರ 1.2 ಪಾಲಿಯೋಗೆ, ಈ ಸಲ ನೆಲದ ಮೇಲೆ ನಿಲ್ಲಿಸಿ ಬಿಗಿದು, ಹಾಕಿಸಿದೆ. ಒಂದೂವರೆ ವರ್ಷವಾಯಿತು, ಇನ್ನೂ ಸದ್ದಿಲ್ಲ. ಊರೊಳಗೆ ಆಫೀಸಿಗೆ ಹೋಗಿಬರುವ ಕಾರಿಗೆ ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ನನ್ನ ಕಾರಿನ ಮುಂದಿನ ಜೋಡಿಯನ್ನು ಮಾತ್ರ ಮಿರಗದ ಮಳೆಗೆ ಮೊದಲು ಒಮ್ಮೆ ಬಿಚ್ಚಿ, ಧೂಳು ಒರೆಸಿ, ಗ್ರೀಸ್ ಬದಲಿಸಬೇಕಾಗಿದೆ; ಹಿಂದಿನ ಜೋಡಿಯನ್ನು ಮುಟ್ಟುವ ಯೋಚನೆ ಸದ್ಯಕ್ಕಿಲ್ಲ.