ಲಕ್ಷದ್ವೀಪ: ಹಡಗಿನ ಮೇಲೆ ಹಡಗೋ, ಒಂದೇ ದ್ವೀಪದಲ್ಲಿ ಕೋಣೆಯೋ?

ಪಣಂಬೂರಿಗೆ ವಿದೇಶಿ ಪ್ರವಾಸಿ ಹಡಗು ಬಂದ ದಿನ ಕುದ್ರೋಳಿ ದೇವಸ್ಥಾನದ ಎದುರು, ಸಂತ ಅಲೋಶಿಯಸ್ ಚಾಪೆಲ್ ಹತ್ತಿರ ಬಸ್ಸುಗಳ ಸಾಲು ನಿಲ್ಲುತ್ತದೆ. ಬೆಳಿಗ್ಗೆ ಇಳಿದವರು ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಲ್ಲ ಮುಗಿಸಿ ಸಂಜೆಗೆ ಹಡಗು ಹತ್ತುತ್ತಾರೆ. ಯಕ್ಷಗಾನದ ಚೆಂಡೆಗೆ ಪೆಟ್ಟು ಬೀಳುವ ಹೊತ್ತಿಗೆ ಅವರು ನಡುಗಡಲಲ್ಲಿ ಇರುತ್ತಾರೆ. ಲಕ್ಷದ್ವೀಪಕ್ಕೆ ಹಡಗಿನ ಪ್ಯಾಕೇಜಿನಲ್ಲಿ ಹೋಗುವ ನಮ್ಮವರೂ ದ್ವೀಪವನ್ನು ನೋಡುವುದು ಹೀಗೆಯೇ: ಬಿಸಿಲೇರಿದ ಮೇಲೆ ಇಳಿದು, ಬಿಸಿಲಿಳಿಯುವ ಮೊದಲು ಹತ್ತಿ.

ಮಂಗಳೂರು, ಉಡುಪಿಯಿಂದ ಹೋಗುವವರ ಎದುರು ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಕೊಚ್ಚಿಯಿಂದ ಹೊರಡುವ ಸರ್ಕಾರಿ ಹಡಗಿನ ಐದು ದಿನದ ಪ್ಯಾಕೇಜು ಒಂದು. ಮುಂಬೈಯಿಂದ ಹೊರಡುವ ಖಾಸಗಿ ಕ್ರೂಸ್ ಇನ್ನೊಂದು. ರಜೆ ಉದ್ದವಿದ್ದರೆ ಗೋವಾ ಸುತ್ತು, ಲಕ್ಷದ್ವೀಪ ಸುತ್ತು ಎಂದು ಎರಡನ್ನು ಒಂದರ ಬೆನ್ನಿಗೆ ಒಂದು ಬುಕ್ ಮಾಡುವವರೂ ಇದ್ದಾರೆ. ಕಡ್ಮತ್, ಬಂಗಾರಂ ಅಥವಾ ಅಗತ್ತಿಯಲ್ಲಿ ಕೋಣೆ ಹಿಡಿದು ನಾಲ್ಕು ರಾತ್ರಿ ಇರುವುದು ಮೂರನೆಯದು. ದರಪಟ್ಟಿ ಇಟ್ಟುಕೊಂಡು ಹೋಲಿಸಿದರೆ ತಲೆ ಕೆಡುತ್ತದೆ. ನೀರಿನಲ್ಲಿ, ಮರಳಲ್ಲಿ ಎಷ್ಟು ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕಿ.

ಸರ್ಕಾರಿ ಹಡಗಿನ 'ಸಮುದ್ರಂ' ಪ್ಯಾಕೇಜಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಒಂದು ದ್ವೀಪಕ್ಕೆ ಎಂಟು ಗಂಟೆ ಎಂದಿಟ್ಟುಕೊಂಡರೂ ಹಡಗಿನಿಂದ ದೋಣಿಗೆ ಇಳಿಯುವ ಸಾಲು, ವಾಪಸು ಹತ್ತುವ ಸಾಲು ಸೇರಿ ಒಂದೂವರೆ–ಎರಡು ಗಂಟೆ ಹೋಗುತ್ತದೆ. ಊಟಕ್ಕೆ ಒಂದು ಗಂಟೆ ಕಳೆಯಿರಿ. ಉಳಿಯುವುದು ಐದು ಚಿಲ್ಲರೆ. ಮೂರು ದ್ವೀಪಕ್ಕೆ ಹದಿನೈದು–ಹದಿನಾರು ಗಂಟೆ, ಅದೂ ನೆತ್ತಿ ಸುಡುವ ಹೊತ್ತಿನದು. ಒಂದೇ ದ್ವೀಪದಲ್ಲಿ ನಾಲ್ಕು ರಾತ್ರಿ ಇದ್ದವರಿಗೆ ಅಷ್ಟು ಹೊತ್ತು ಬರೀ ಬೆಳಗ್ಗೆ ಆರರಿಂದ ಎಂಟೂವರೆ, ಸಂಜೆ ನಾಲ್ಕರಿಂದ ಆರೂವರೆ ಸೇರಿಸಿದರೇ ಸಿಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಉಬ್ಬರ ಇಳಿತದ್ದು. ಲಕ್ಷದ್ವೀಪದ ಲಗೂನು ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ನೀರು. ಇಳಿತದಲ್ಲಿ ಹವಳದ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಆಗ ಸ್ನಾರ್ಕೆಲ್ ಹಾಕಿಕೊಂಡು ಮಲಗಿದರೆ ಹೊಟ್ಟೆ ತರಚುತ್ತದೆ, ಹವಳವೂ ಮುರಿಯುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತದೆ. ದ್ವೀಪದಲ್ಲಿ ಉಳಿದವರು ಉಬ್ಬರ ನೋಡಿಕೊಂಡು ನೀರಿಗಿಳಿಯುತ್ತಾರೆ. ಹಡಗಿನವರಿಗೆ ಅವರ ದೋಣಿ ಮುಟ್ಟಿದ ಹೊತ್ತಿಗೆ ಏನಿದೆಯೋ ಅದು. 'ಅಲ್ಲಿ ಏನೂ ಕಾಣಲಿಲ್ಲ ಮಾರಾಯ್ರೆ' ಎಂದು ಬರುವವರಲ್ಲಿ ಹೆಚ್ಚಿನವರು ಇಳಿತದ ಹೊತ್ತಿಗೆ ಹೋದವರು.

ಹಾಗಾದರೆ ಸರ್ಕಾರಿ ಹಡಗು ಯಾಕೆ ಬೇಕು? ಮಿನಿಕಾಯ್‌ಗಾಗಿ. ಉಳಿದ ದ್ವೀಪಗಳ ಗುಂಪಿನಿಂದ ದೂರ, ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲ ಕಡಲಿನ ಆಚೆ, ತೆಂಕಣ ತುದಿಯಲ್ಲಿ ಒಂಟಿಯಾಗಿರುವ ದ್ವೀಪ ಅದು. ಭಾಷೆ ಮಲಯಾಳವಲ್ಲ, ಮಾಲ್ದೀವ್ಸ್ ಕಡೆಯ ಮಹಲ್. 1885ರ ದೀಪಸ್ತಂಭ ಹತ್ತಿದರೆ ಇಡೀ ದ್ವೀಪ ಕುಡುಗೋಲಿನ ಹಾಗೆ ಬಾಗಿರುವುದು ಕಾಣುತ್ತದೆ. ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಮಾಡುವ 'ಮಾಸ್' ಅಲ್ಲಿಯದೇ. ಕಡ್ಮತ್‌ನಲ್ಲಿ ಕೋಣೆ ಹಿಡಿದವರು ಮಿನಿಕಾಯ್‌ಗೂ ಹೋಗಿ ಬರುತ್ತೇವೆ ಅಂದರೆ ಆಗುವ ಮಾತಲ್ಲ. ಅದಕ್ಕೆ ಹಡಗೇ ಬೇಕು, ಒಂದು ಸಲ ಸಾಕು.

ಈ ಹಡಗುಗಳು ಮೂಲತಃ ದ್ವೀಪದ ಜನರ ಬಸ್ಸು. ಎಂ.ವಿ. ಕವರತ್ತಿಯಲ್ಲಿ 700 ಜನರಿಗೆ ಜಾಗ ಇದೆ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಹೋಗುವವರು ಜೊತೆಗಿರುತ್ತಾರೆ. ಎರಡು ಬರ್ತಿನ ಕ್ಯಾಬಿನ್, ನಾಲ್ಕು ಬರ್ತಿನ ಕ್ಯಾಬಿನ್, ಅದರ ಕೆಳಗೆ ಸಾಲು ಬಂಕ್. ನಾಲ್ಕು ಜನರ ಕುಟುಂಬಕ್ಕೆ ನಾಲ್ಕು ಬರ್ತಿನದು ಸರಿ. ಇಬ್ಬರೇ ಹೋಗಿ ಅದನ್ನು ತೆಗೆದುಕೊಂಡರೆ ಗೊತ್ತಿಲ್ಲದವರ ಜೊತೆ ಇರಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಈಜುಕೊಳ, ನಾಟಕ, ಬಫೆ ಎಂದು ಕನಸು ಕಟ್ಟಿಕೊಂಡು ಹೋದವರಿಗೆ ನಿರಾಸೆ ಖಂಡಿತ.

ಈಗ ಯಾವ ಕರಪತ್ರದಲ್ಲೂ ಸರಿಯಾಗಿ ಬರೆಯದ ಸಂಗತಿ: ಹಡಗಿನಿಂದ ದೋಣಿಗೆ ಇಳಿಯುವುದು. ಹವಳದ ದಂಡೆಯ ಒಳಗೆ ದೊಡ್ಡ ಹಡಗಿಗೆ ಆಳ ಸಾಲದು. ಅದು ಹೊರಗೇ ನಿಲ್ಲುತ್ತದೆ, ದೋಣಿ ಬಂದು ಪಕ್ಕಕ್ಕೆ ತಾಗುತ್ತದೆ, ಹಡಗಿನ ಹೊಟ್ಟೆಯಲ್ಲಿರುವ ಬಾಗಿಲಿನಿಂದ ಕೆಳಗಿಳಿಯಬೇಕು. ಹಡಗು ಹೆಚ್ಚು ಅಲ್ಲಾಡುವುದಿಲ್ಲ, ದೋಣಿ ಮಾತ್ರ ತೆರೆಗೆ ಏರಿ ಇಳಿಯುತ್ತಿರುತ್ತದೆ. ತಪ್ಪಾಗುವುದು ಇಲ್ಲಿ: ದೋಣಿ ಹತ್ತಿರ ಬಂತೆಂದು ಅವಸರದಲ್ಲಿ ಕಾಲಿಟ್ಟರೆ ಅಷ್ಟರಲ್ಲಿ ಅದು ಕೆಳಗಿಳಿದಿರುತ್ತದೆ; ಮೊಣಕಾಲಿಗೆ ಪೆಟ್ಟು. ದೋಣಿ ಪೂರ್ತಿ ಮೇಲೆ ಬಂದು ಒಂದು ಕ್ಷಣ ನಿಂತಂತಾಗುತ್ತದೆ, ಆಗ ಕಾಲಿಡಬೇಕು. ಆಚೆ ಈಚೆ ನಿಂತ ನಾವಿಕರು ಎರಡೂ ತೋಳು ಹಿಡಿದುಕೊಳ್ಳುತ್ತಾರೆ, ಅವರು 'ಈಗ' ಅನ್ನುವ ತನಕ ಕಾಯಿರಿ. ಕೈಯಲ್ಲಿ ಏನೂ ಇರಬಾರದು: ಫೋನ್ ಕೂಡ ಬೆನ್ನಚೀಲದ ಒಳಗೆ. ಸೀರೆಗಿಂತ ಚೂಡಿದಾರ್ ಒಳ್ಳೆಯದು. ಹವಾಯಿ ಚಪ್ಪಲಿ ಬೇಡವೇ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಇರಲಿ. ಮೂರು ದ್ವೀಪ ಅಂದರೆ ಈ ಕಸರತ್ತು ಆರು ಸಲ.

ಅಮ್ಮನಿಗೆ ಆಗುತ್ತದೋ ಇಲ್ಲವೋ ಎಂದು ನೋಡಲು ಮಲ್ಪೆ ಇದೆಯಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ದೊಡ್ಡ ಬೋಟಿನಿಂದ ದ್ವೀಪದ ಹತ್ತಿರ ಸಣ್ಣ ದೋಣಿಗೆ ದಾಟಬೇಕಾಗುತ್ತದೆ. ಅಲ್ಲಿ ತಡವರಿಸಿದವರಿಗೆ ಮಿನಿಕಾಯ್ ಹೊರಗಡಲು ಬೇಡ. ಗರ್ಭಿಣಿಯರಿಗೆ, ಮಂಡಿ ಆಪರೇಷನ್ ಆದವರಿಗೆ ವಿಮಾನವೇ ಸರಿ.

ಇನ್ನು ಕಡಲ ಕಾಯಿಲೆ. ಹುಟ್ಟಿದ್ದು ಕಡಲ ಬದಿಯಲ್ಲಿ, ದಿನಾ ಬಂಗುಡೆ ತಿನ್ನುವವರು ಎಂದು ಹೊಟ್ಟೆ ಬಿಡುವುದಿಲ್ಲ. ಕೊಚ್ಚಿಯಿಂದ ದ್ವೀಪಕ್ಕೆ 14ರಿಂದ 18 ಗಂಟೆ. ಕ್ಯಾಬಿನ್ ಆಯ್ಕೆ ಇದ್ದರೆ ಹಡಗಿನ ನಡುಭಾಗ, ಕೆಳ ಡೆಕ್ (ಮಹಡಿ) ಕೇಳಿ. ಅಲುಗಾಟ ಮೂತಿಯಲ್ಲೂ ಮೇಲಿನ ಡೆಕ್‌ಗಳಲ್ಲೂ ಹೆಚ್ಚು. ಅವೋಮಿನ್ ಮಾತ್ರೆ ತಲೆ ತಿರುಗಿದ ಮೇಲೆ ತೆಗೆದುಕೊಂಡರೆ ವಾಂತಿಯಲ್ಲೇ ಹೋಗುತ್ತದೆ, ಹೊರಡುವ ಒಂದೆರಡು ಗಂಟೆ ಮೊದಲೇ ಆಗಬೇಕು. ನಿದ್ದೆ ಬರಿಸುತ್ತದೆ, ಬೇರೆ ಔಷಧಿ ಇರುವವರು ವೈದ್ಯರನ್ನು ಕೇಳಿ. ಖಾಲಿ ಹೊಟ್ಟೆಯೂ ಕೆಟ್ಟದು, ಎಣ್ಣೆ ತಿಂಡಿಯೂ ಕೆಟ್ಟದು. ರಸ್ಕ್, ಹುರಿಗಡಲೆ ಇಟ್ಟುಕೊಳ್ಳಿ. ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡುವವನು ಮೊದಲು ಬೀಳುತ್ತಾನೆ.

ಖಾಸಗಿ ಕ್ರೂಸ್ ಬೇರೆಯೇ ಲೋಕ. 2021ರಲ್ಲಿ ಶುರುವಾದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ ಹಡಗು, 11 ಡೆಕ್. ಅಲ್ಲಿ ಹಡಗೇ ಊರು, ದ್ವೀಪ ಅಂದರೆ ಒಂದು ಹಗಲಿನ ಪಿಕ್ನಿಕ್. ಮಕ್ಕಳು, ಅಜ್ಜ ಅಜ್ಜಿ, ನಾಲ್ಕಾರು ಕುಟುಂಬ ಒಟ್ಟಿಗೆ ಹೋಗುವುದಾದರೆ ಇದಕ್ಕಿಂತ ಸುಲಭ ಇಲ್ಲ: ದೋಣಿಗೆ ಇಳಿಯಲಾಗದವರು ಹಡಗಿನಲ್ಲೇ ಇದ್ದರೂ ಹೊತ್ತು ಹೋಗುತ್ತದೆ. ಜಾಹೀರಾತಿನ ದರ ಒಬ್ಬರಿಗೆ, ಅದೂ ಇಬ್ಬರು ಹಂಚಿಕೊಂಡರೆ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ. ದ್ವೀಪಕ್ಕಿಳಿಯುವ ಪ್ರವಾಸ, ವೈಫೈ, ಪಾನೀಯ ಬೇರೆ. ಕೊನೆಯ ಪುಟದ ಮೊತ್ತ ಕಾಣುವ ತನಕ ಹೋಲಿಕೆ ಮಾಡಬೇಡಿ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ. ದೀಪ ಆರಿಸಿದರೆ ಗಂಟೆ ಎಂಟಾದರೂ ನಡುರಾತ್ರಿ, ಒಂದು ಸಣ್ಣ ಟಾರ್ಚ್ ಇರಲಿ. ಡೆಕ್ ನಕ್ಷೆ ನೋಡಿ, ಮೇಲೆಯೂ ಕೆಳಗೆಯೂ ಕ್ಯಾಬಿನ್ನೇ ಇರುವ ಕೋಣೆ ಆರಿಸಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗ್ಗೆ ಐದಕ್ಕೆ ಕುರ್ಚಿ ಎಳೆಯುವ ಸದ್ದೇ ಅಲಾರಾಂ.

ಒಂದರ ಬೆನ್ನಿಗೆ ಒಂದು ಎರಡು ಸುತ್ತು ಬುಕ್ ಮಾಡುವಾಗ ಗೊತ್ತಿರಬೇಕಾದದ್ದು: ಹಡಗಿನ ಲೆಕ್ಕದಲ್ಲಿ ಅವು ಎರಡು ಬೇರೆ ಪ್ರಯಾಣ. ಬುಕಿಂಗ್ ಸಂಖ್ಯೆ ಬೇರೆ, ಕೀ ಕಾರ್ಡ್ ಬೇರೆ, ಮೊದಲ ಸುತ್ತಿನ ಬಿಲ್ಲು ಚುಕ್ತಾ ಆಗಬೇಕು, ಪಾನೀಯದ ಪ್ಯಾಕೇಜು ಅಲ್ಲಿಗೆ ಮುಗಿಯುತ್ತದೆ. ಎರಡಕ್ಕೂ ಒಂದೇ ಕ್ಯಾಬಿನ್ ಬೇಕೆಂದು ಬುಕ್ ಮಾಡುವಾಗಲೇ ಬರೆಸಿಕೊಳ್ಳದಿದ್ದರೆ ನಡುವಿನ ದಿನ ಪೆಟ್ಟಿಗೆ ಕಟ್ಟಿ, ಇಳಿದು, ತಪಾಸಣೆ ಮುಗಿಸಿ, ಪುನಃ ಹತ್ತಬೇಕು. ಅರ್ಧ ದಿನ ಗೋವಿಂದ. ಎರಡನೇ ಸುತ್ತಿನಲ್ಲಿ ಅದೇ ಆಟ, ಅದೇ ಬಫೆ. ಮುಂಬೈಗೆ ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಬರುವ ಎರಡು ರಾತ್ರಿಯನ್ನೂ ಸೇರಿಸಿದರೆ ಹತ್ತು ದಿನದ ರಜೆಯಲ್ಲಿ ಲಗೂನಿನ ನೀರು ಕಾಲಿಗೆ ತಾಗುವುದು ಒಂದೇ ಹಗಲು ಎಂದಾಗಬಹುದು. ಹಡಗೇ ಇಷ್ಟ ಅನ್ನುವವರಿಗೆ ಇದು ಕೊರತೆಯಲ್ಲ. ದ್ವೀಪ ನೋಡಬೇಕೆಂದವರಿಗೆ ದುಡ್ಡು ದಂಡ.

ದ್ವೀಪದಲ್ಲಿ ಉಳಿಯುವುದಾದರೆ ಮೊದಲ ಆಯ್ಕೆ ಕಡ್ಮತ್. ಅಗಲ ತೀರಾ ಕಡಿಮೆ, ಉದ್ದ ಹೆಚ್ಚು. ಪಡುವಣಕ್ಕೆ ದೊಡ್ಡ ಲಗೂನು. ಕಯಾಕ್, ಸ್ಕೂಬಾ, ಸೈಕಲ್ಲು, ಇಷ್ಟೇ. ಸ್ವಾರಸ್ಯವೆಂದರೆ ಕಡ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್ ಎಲ್ಲ 1956ರ ತನಕ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ತರಕಾರಿ, ದಿನಸಿ, ಸಿಮೆಂಟು, ಜಲ್ಲಿ ಹೋಗುತ್ತದೆ. ಹಾಗಾಗಿ ಅಲ್ಲಿ ತಟ್ಟೆಗೆ ಬೀಳುವ ಟೊಮೆಟೊ ಬಂದರಿನ ದಕ್ಕೆ ದಾಟಿಯೇ ಬಂದಿರಬಹುದು. ಹಡಗು ತಡವಾದರೆ ತರಕಾರಿಯೂ ತಡ. ಮೀನು ತಿನ್ನುವವರಿಗೆ ಚಿಂತೆಯಿಲ್ಲ. ಉಡುಪಿ ಕಡೆಯ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಒಯ್ಯಿರಿ. ಸಿಹಿನೀರು ಅಲ್ಲಿ ಮರಳಿನಡಿಯ ತೆಳು ಪದರ, ಸ್ನಾನದ ನೀರು ಸ್ವಲ್ಪ ಉಪ್ಪುಪ್ಪು ಅನಿಸಿದರೆ ರಿಸಾರ್ಟಿನವರನ್ನು ಬೈಯಬೇಡಿ.

ಬಂಗಾರಂ ದುಬಾರಿ, ಜನ ಕಡಿಮೆ. ಲಕ್ಷದ್ವೀಪದಲ್ಲಿ ಮದ್ಯಕ್ಕೆ ಅನುಮತಿ ಇರುವ ಪ್ರವಾಸಿ ದ್ವೀಪ ಅದು. ಬೇರೆ ದ್ವೀಪಗಳಿಗೆ ಬಾಟಲಿ ಒಯ್ದರೆ ಕೇಸಾಗುತ್ತದೆ. ಅಗತ್ತಿಯಲ್ಲಿ ವಿಮಾನ ನಿಲ್ದಾಣವೂ ಹೋಂಸ್ಟೇಗಳೂ ಇವೆ. ಮೂರರಲ್ಲಿ ಅಗ್ಗದ್ದು ಅದೇ. ಕೋಣೆ ಹಿಡಿಯುವ ಮೊದಲು ಊಟ, ದೋಣಿ ಬಾಡಿಗೆ, ಸ್ನಾರ್ಕೆಲ್ ಸಾಮಾನು ಸೇರಿದೆಯೇ ಎಂದು ಕೇಳಿ. ಪಕ್ಕದ ನಿರ್ಜನ ದ್ವೀಪಕ್ಕೆ ದೋಣಿ ಇಡೀ ಬಾಡಿಗೆಗೆ, ಇಬ್ಬರೇ ಆದರೆ ಜೇಬಿಗೆ ಭಾರ.

ಸ್ಕೂಬಾ ಮಾಡುವವರಿಗೆ ಹಡಗಿನ ಒಂದು ಲಾಭ ಇದೆ. ನೀರಿನಾಳದಿಂದ ಬಂದ ಮೇಲೆ 18ರಿಂದ 24 ಗಂಟೆ ವಿಮಾನ ಹತ್ತಬಾರದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುವ ಅಪಾಯ. ಅಗತ್ತಿಯಿಂದ ಹಾರುವವರು ಕೊನೆಯ ದಿನ ಖಾಲಿ ಬಿಡಬೇಕು. ಹಡಗಿನಲ್ಲಿ ಮರಳುವವರು ಕೊನೆಯ ದಿನವೂ ಮುಳುಗಬಹುದು. ಏಳೆಂಟು ದಿನ ಇದ್ದವರಿಗೆ ಅತ್ಯುತ್ತಮ ಹೊಂದಿಕೆ ಇದೇ: ವಿಮಾನದಲ್ಲಿ ಅಗತ್ತಿಗೆ ಹೋಗಿ, ಒಂದೇ ದ್ವೀಪದಲ್ಲಿ ನಾಲ್ಕು ರಾತ್ರಿ ಉಳಿದು, ಟಿಕೆಟ್ ಸಿಕ್ಕರೆ ಹಡಗಿನಲ್ಲಿ ಕೊಚ್ಚಿಗೆ ವಾಪಸು.

ಪರವಾನಗಿ ಎಲ್ಲರಿಗೂ ಬೇಕು, ಅದರಲ್ಲಿ ಬರೆದ ದ್ವೀಪಕ್ಕೆ ಮಾತ್ರ ಹೋಗಬಹುದು. ನಮ್ಮವರ ಅರ್ಜಿ ಸಿಕ್ಕಿಬೀಳುವುದು ಇನಿಷಿಯಲ್‌ನಲ್ಲಿ: ಆಧಾರ್‌ನಲ್ಲಿ 'ಕೆ', ಟಿಕೆಟ್‌ನಲ್ಲಿ ಊರಿನ ಹೆಸರು ಪೂರ್ತಿ. ಎರಡೂ ಅಕ್ಷರಕ್ಕೆ ಅಕ್ಷರ ಹೊಂದಲಿ. ಅಕ್ಟೋಬರಿನಿಂದ ಮೇ ನಡುವಿನ ತನಕ ಸೀಸನ್; ಡಿಸೆಂಬರಿನಿಂದ ಫೆಬ್ರವರಿ ಕಡಲು ಶಾಂತ. ದಂಡೆಯಲ್ಲಿ ಬಿದ್ದ ಸತ್ತ ಹವಳವನ್ನು ಮಕ್ಕಳು ಜೇಬಿಗೆ ಹಾಕಿಕೊಳ್ಳುತ್ತಾರೆ, ವಾಪಸು ಹೊರಡುವ ಮೊದಲು ಚೀಲ ನೋಡಿ. ಅದನ್ನು ಒಯ್ಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕೊಚ್ಚಿಗೆ ಮುಂಜಾವಿನ ಪರಶುರಾಮ್ ರೈಲು ಸಿಕ್ಕರೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯಬೇಕು. ಹಡಗು ಹೊರಡುವ ವಿಲ್ಲಿಂಗ್ಡನ್ ದ್ವೀಪಕ್ಕೆ ಹತ್ತಿರ ಎರ್ನಾಕುಲಂ ಜಂಕ್ಷನ್. ಹಡಗು ಹತ್ತುವ ಹಿಂದಿನ ದಿನವೇ ಕೊಚ್ಚಿ ಸೇರಿಕೊಳ್ಳಿ. ಹವಾಮಾನ ಕೆಟ್ಟರೆ ಹಡಗೂ ವಿಮಾನವೂ ತಡವಾಗುತ್ತವೆ, ಆದ್ದರಿಂದ ಮರಳುವ ದಿನದ್ದೇ ರೈಲಿಗೆ ಟಿಕೆಟ್ ಮಾಡಿಸಬೇಡಿ, ಮರುದಿನದ್ದು ಮಾಡಿಸಿ.