ಆರ್ಕಿಡ್ ನೋಡಲು 10ಎಕ್ಸ್ ಲೆನ್ಸ್: ನನ್ನ ಅನುಭವ

ಕಾಡಿನ ಆರ್ಕಿಡ್ ನೋಡೋಕೆ ಯಾವ ಲೆನ್ಸ್ ತಗೋಬೇಕು ಅಂತ ಯಾರಾದರೂ ಕೇಳಿದರೆ 10ಎಕ್ಸ್ ಟ್ರಿಪ್ಲೆಟ್ ಅಂತಲೇ ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮೂರು ಗಾಜು ಅಂಟಿಸಿ ಮಾಡಿದ, ಮಡಚಿ ಜೇಬಿಗೆ ಹಾಕಿಕೊಳ್ಳುವ ಪುಟ್ಟ ಭೂತಗನ್ನಡಿ ಇದು. ಒಂಟಿ ಗಾಜಿನ ಅಗ್ಗದ ಲೆನ್ಸಿನಲ್ಲಿ ಹೂವಿನ ಅಂಚಿಗೆ ಇಲ್ಲದ ಬಣ್ಣ ಮೂಡುತ್ತದೆ. ಇದರಲ್ಲಿ ಆ ಕಾಟ ತೀರಾ ಕಡಿಮೆ.

20ಎಕ್ಸ್ ಇನ್ನೂ ಒಳ್ಳೆಯದಲ್ವಾ? ಕಾಡಿನಲ್ಲಿ ಅಲ್ಲ. 10ಎಕ್ಸ್‌ನಲ್ಲಿ ಹೂವು ಸುಮಾರು 25 ಮಿ.ಮೀ. ದೂರದಲ್ಲಿರುತ್ತದೆ, 20ರಲ್ಲಿ ಅದರ ಅರ್ಧ. ಅಷ್ಟು ಹತ್ತಿರ ಹೋದರೆ ನಮ್ಮ ನೆರಳೇ ಹೂವಿನ ಮೇಲೆ ಬೀಳುತ್ತದೆ. ಗಾಳಿಗೆ ಚೂರು ಅಲುಗಿದರೂ ಎಲ್ಲ ಮಸುಕು.

10ಎಕ್ಸ್ ಲೆನ್ಸಿನ ಬೆಲೆ ಗೊತ್ತಾಗುವುದು ಪರಾಗದ ಗಂಟು ಎಣಿಸುವಾಗ. ಹೆಚ್ಚಿನ ಆರ್ಕಿಡ್‌ಗಳಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಗಂಟು ಕಟ್ಟಿಕೊಂಡಿರುತ್ತದೆ. ಹೂವಿನ ನಡುವಿನ ಕಂಬದ ತುದಿಯಲ್ಲಿ ಚಿಕ್ಕ ಟೋಪಿ ಇದೆ. ಹುಲ್ಲುಕಡ್ಡಿಯಿಂದ ಅದನ್ನು ಮೆಲ್ಲಗೆ ಎತ್ತಿ ನೋಡಿ, ಮೇಣದಂಥ ಹಳದಿ ಗಂಟುಗಳು ಒತ್ತಿಕೊಂಡು ಕೂತಿರುತ್ತವೆ. ಡೆಂಡ್ರೋಬಿಯಂ ಅನ್ನೋ ಕುಲದ (ಜೀನಸ್) ಆರ್ಕಿಡ್ ಆದರೆ 4, ಏರಿಯಾ (Eria) ಅನ್ನೋ ಕುಲದ್ದಾದರೆ 8. ಗಿಡ ನೋಡಿ ಅನುಮಾನ ಬಂದಾಗ ಈ ಲೆಕ್ಕ ದಾರಿ ತೋರಿಸುತ್ತದೆ. ಆಮೇಲೆ ತುಟಿ, ಅಂದರೆ ಉಳಿದವಕ್ಕಿಂತ ಬೇರೆಯಾಗಿ ಕಾಣುವ ಎಸಳು, ನೋಡಬೇಕು: ಅದರ ಮೇಲಿನ ಏಣು, ಅಂಚಿನ ಕೂದಲು, ಬುಡದ ಗುಳಿ. ‘ಇದು ಎಲ್ಲೂ ದಾಖಲಾದಂತಿಲ್ಲವಲ್ಲ’ ಅನ್ನೋ ಮೊದಲ ಗುಮಾನಿ ಹುಟ್ಟುವುದು ಇಲ್ಲೇ. ಆ ಗಳಿಗೆಗೆ ಸಮನಾದ ಖುಷಿ ನನಗೆ ಬೇರೆ ಇಲ್ಲ.

ಗುಮಾನಿಯಿಂದ ಮುಂದೆ, ಅದು ಹೊಸ ಪ್ರಭೇದ ಅಂತ ತೋರಿಸಿ ಹೆಸರಿಡುವ ಕೆಲಸ ಮಾತ್ರ ಲೆನ್ಸಿನದಲ್ಲ. ಅಳತೆಗೆ ಮೈಕ್ರೋಸ್ಕೋಪ್ ಬೇಕು. ಒತ್ತಿ ಒಣಗಿಸಿದರೆ ಹೂವಿನ ಆಕಾರ ಕೆಡುತ್ತದೆ, ಹಾಗಾಗಿ ಅನುಮತಿ ಪಡೆದು ಕಿತ್ತ ಒಂದೆರಡು ಹೂವನ್ನು ಆಲ್ಕೋಹಾಲ್‌ನಲ್ಲಿ ಇಡಬೇಕು. ಮೂಲ ಮಾದರಿ ಹರ್ಬೇರಿಯಂ, ಅಂದರೆ ಗಿಡಗಳ ಮಾದರಿ ಕಾಪಿಡುವ ಸಂಗ್ರಹಾಲಯ, ಸೇರಬೇಕು. ನಾವು ಇಡಬೇಕೆಂದಿರುವ ಹೆಸರು ಆ ಕುಲದಲ್ಲಿ ಮೊದಲೇ ಬಳಕೆಯಾಗಿದೆಯಾ ಅಂತ ಹುಡುಕಬೇಕು. ಹತ್ತಿರದ ಪ್ರಭೇದಗಳಿಗಿಂತ ಇದು ಹೇಗೆ ಬೇರೆ ಅಂತ ಲ್ಯಾಟಿನ್‌ನಲ್ಲೋ ಇಂಗ್ಲಿಷ್‌ನಲ್ಲೋ ಬರೆದು ಪ್ರಕಟಿಸಬೇಕು. 2012ರಿಂದ ಇಂಗ್ಲಿಷ್‌ಗೂ ಒಪ್ಪಿಗೆ ಇದೆ. ಸುಮ್ನೆ ಫೋಟೋ ಹಾಕಿ ಹೆಸರು ಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಹಾಗೆ ಅವಸರ ಮಾಡುವವರನ್ನು ನೋಡಿದರೆ ಬೇಜಾರಾಗುತ್ತದೆ, ಗಿಡ ಇರುವ ಜಾಗ ಎಲ್ಲರಿಗೂ ಗೊತ್ತಾಗಿ ಕಿತ್ತೊಯ್ಯುವವರು ಬರುತ್ತಾರೆ.

ಕೊರತೆ ಅಂದರೆ ಮಡಚುವ ಕಡೆಯ ಸ್ಕ್ರೂ ಬರಬರುತ್ತಾ ಸಡಿಲವಾಗುತ್ತದೆ. ಕೊಳ್ಳುವಾಗ ದಾರ ಕಟ್ಟಲು ತೂತು ಇರುವುದನ್ನೇ ಆರಿಸಿ, ಕೆಂಪು ದಾರ ಕಟ್ಟಿ. ಎಲೆಗಳ ನಡುವೆ ಬಿದ್ದರೆ ಕಪ್ಪು ಲೆನ್ಸ್ ಸಿಗೋದು ಕಷ್ಟ. ಇನ್ನೊಂದು ಮಾತು, ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಹೂವಿನ ಕಡೆ ಬಾಗಿ. ದೂರ ಹಿಡಿದರೆ ಕಾಣುವುದು ಹೂವಿನ ಒಂದು ಚೂರು ಮಾತ್ರ.