ಸಿ ಕರೆಗೆ ಓಕ್ಯಾಮಲ್ ಮತ್ತು ಹ್ಯಾಸ್ಕೆಲ್: ದಾನಿಗಳ ಪಟ್ಟಿಯೊಂದರಲ್ಲಿ ಮಾಡಿ ನೋಡಿದ್ದು

ಬದಿಯಡ್ಕದ ಸಮೀಪ ನನ್ನ ಭಾವ ನಡೆಸುವ ಸಣ್ಣ ಮುದ್ರಣಾಲಯಕ್ಕೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಕೆಲಸ ಬಂದಿತ್ತು. ಸುಮಾರು ಮೂರು ಸಾವಿರ ದಾನಿಗಳ ಹೆಸರು ಎಡ ಅಂಕಣದಲ್ಲಿ ಕನ್ನಡದಲ್ಲಿಯೂ ಬಲ ಅಂಕಣದಲ್ಲಿ ಮಲಯಾಳದಲ್ಲಿಯೂ ಬರಬೇಕಿತ್ತು. ಪಟ್ಟಿಯನ್ನು ಪುಟಕ್ಕೆ ಜೋಡಿಸುವ ಪ್ರೋಗ್ರಾಮನ್ನು ಬರೆದುಕೊಡಲು ನಾನು ಒಪ್ಪಿಕೊಂಡೆ. ಮೊದಲು ಅದನ್ನು ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕೈಸುಟ್ಟುಕೊಂಡೆ, ಬಳಿಕ ಹ್ಯಾಸ್ಕೆಲ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆದು ಕೆಲಸ ಮುಗಿಸಿದೆ. ಆದ್ದರಿಂದ ಈ ಎರಡು ಭಾಷೆಗಳಿಂದ ಸಿ ಭಾಷೆಯ ಕೋಡನ್ನು ಕರೆಯುವ ಬಗೆಗಿನ ಈ ಹೋಲಿಕೆಯಲ್ಲಿ ನನ್ನ ಒಲವು ಹ್ಯಾಸ್ಕೆಲ್‌ನ ಕಡೆಗಿದೆ ಎಂಬುದನ್ನು ಮೊದಲೇ ತಿಳಿಸುತ್ತೇನೆ.

ಎರಡರಲ್ಲಿಯೂ ಕರೆಯಬೇಕಾಗಿದ್ದದ್ದು ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು. ಯೂನಿಕೋಡ್ ಅಕ್ಷರಗಳ ಸಾಲನ್ನು ಫಾಂಟಿನ ಆಕೃತಿಗಳಾಗಿ ಮಾರ್ಪಡಿಸುವುದು ಅದರ ಕೆಲಸ. ‘ಕ್ಷೇತ್ರ’ ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟುಗಳು. ಕಾಗದದ ಮೇಲೆ ಅದು ಕೆಲವೇ ಆಕೃತಿಗಳಾಗಿ ನಿಲ್ಲುತ್ತದೆ. ‘ಶರ್ಮ’ ಎಂದು ಬರೆದರೆ ಮಕಾರಕ್ಕಿಂತ ಮೊದಲು ಬರುವ ರೇಫವು ಅದರ ಬಲಕ್ಕೆ ಅರ್ಕಾವೊತ್ತಾಗಿ ಬಂದು ಕೂರಬೇಕು. ಹಾರ್ಫ್‌ಬಝ್‌ನ ಒಳಭಾಗ ಸಿ++ನಲ್ಲಿದ್ದರೂ ಹೊರಗಿನವರಿಗೆ ಅದು ತೆರೆದಿಟ್ಟಿರುವುದು ಸಿ ಕರೆಗಳನ್ನು. ಬಫರ್ (ಪಠ್ಯವನ್ನೂ ಫಲಿತಾಂಶವನ್ನೂ ಇಡುವ ಮೆಮೊರಿಯ ಜಾಗ) ಸೃಷ್ಟಿಸು, ಪಠ್ಯ ತುಂಬು, ಆಕೃತಿಗೆ ತಿರುಗಿಸು, ಫಲಿತಾಂಶ ಓದು, ಬಫರ್ ಅಳಿಸು ಎಂಬ ಐದಾರು ಕರೆಗಳಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು.

ಓಕ್ಯಾಮಲ್‌ನಲ್ಲಿ ‘ಎಕ್ಸ್‌ಟರ್ನಲ್’ ಎಂದು ಒಂದು ಸಾಲಿನ ಘೋಷಣೆ ಮಾಡಿ, ಅದಕ್ಕೆ ಹೊಂದುವ ಸೇತುವೆಯ ಕೋಡನ್ನು ಸಿ ಭಾಷೆಯಲ್ಲಿ ನಾವೇ ಬರೆಯುತ್ತೇವೆ. ಆ ಸಿ ಕೋಡು ಓಕ್ಯಾಮಲ್‌ನ ಮೌಲ್ಯಗಳನ್ನು ನೇರವಾಗಿ ಮುಟ್ಟುತ್ತದೆ. ನನ್ನ ಸೇತುವೆಯು ಪ್ರತಿ ಸಾಲಿಗೂ ಒಂದು ಅರೇಯನ್ನು (ಮೌಲ್ಯಗಳ ಸಾಲನ್ನು) ಕಟ್ಟಿ, ಪ್ರತಿ ಆಕೃತಿಗೆ ಐದು ಅಂಕಿಗಳ ಒಂದು ಟ್ಯೂಪಲ್ (ಗುಂಪು) ಮಾಡಿ ಅದರೊಳಗೆ ಇಡುತ್ತಿತ್ತು. ನಲವತ್ತು ಹೆಸರುಗಳ ಮಾದರಿಯಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಪೂರ್ತಿ ಪಟ್ಟಿಯ ಕರಡು ಪ್ರತಿಯನ್ನು ಕಳುಹಿಸಿದ ರಾತ್ರಿ ಭಾವ ಫೋನ್ ಮಾಡಿ, “ಈ ಹೆಸರು ಯಾರದ್ದು ಮಾರಾಯಾ, ಕನ್ನಡದ ಅಂಕಣದಲ್ಲಿ ಅರ್ಧ ಮಲಯಾಳ ಬಂದಿದೆಯಲ್ಲ?” ಎಂದು ಕೇಳಿದರು. ಆರು ಸಾವಿರ ಸಾಲುಗಳಲ್ಲಿ ಕೆಟ್ಟಿದ್ದದ್ದು ಏಳು ಮಾತ್ರ. ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಆ ಏಳು ಸರಿಯಾಗಿ ಬೇರೆ ಸಾಲುಗಳು ಕೆಡುತ್ತಿದ್ದವು. ಕೆಲವೊಮ್ಮೆ ಪ್ರೋಗ್ರಾಮ್ ನಡುವೆಯೇ ನಿಂತುಬಿಡುತ್ತಿತ್ತು. ದಾನಿಯ ಹೆಸರು ತಪ್ಪಾಗಿ ಅಚ್ಚಾದರೆ ಅದು ಆ ಮನೆಯವರಿಗೆ ಎಷ್ಟು ನೋವು ಕೊಡುತ್ತದೆ ಎಂಬುದು ಊರಿನಲ್ಲಿ ಪಟ್ಟಿ ಅಚ್ಚು ಹಾಕಿಸಿದ ಎಲ್ಲರಿಗೂ ಗೊತ್ತು. ನಾನು ಫಾಂಟನ್ನು ಬದಲಿಸಿದೆ, ಹೆಸರುಗಳ ಕಡತವನ್ನು ಮತ್ತೆ ಮತ್ತೆ ತಿದ್ದಿದೆ; ಐದು ರಾತ್ರಿಗಳು ಹೀಗೆ ಹೋದವು.

ತಪ್ಪು ಇದ್ದದ್ದು ಸೇತುವೆಯ ಕೋಡಿನಲ್ಲಿ. ಓಕ್ಯಾಮಲ್‌ನ ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಭಾಗ) ಹೊಸ ವಸ್ತುಗಳನ್ನು ಮೊದಲು ‘ಮೈನರ್ ಹೀಪ್’ ಎಂಬ ಸಣ್ಣ ಜಾಗದಲ್ಲಿ ಇಡುತ್ತದೆ, ಅದು ತುಂಬಿದಾಗ ಇನ್ನೂ ಬಳಕೆಯಲ್ಲಿರುವವನ್ನು ಬೇರೆಡೆಗೆ ಸಾಗಿಸುತ್ತದೆ. ಸಿ ಕೋಡಿನ ಕೈಯಲ್ಲಿರುವ ಮೌಲ್ಯಗಳು ಬಳಕೆಯಲ್ಲಿವೆ ಎಂದು ಅದಕ್ಕೆ ತಿಳಿಯಬೇಕಾದರೆ ‘ಕ್ಯಾಮಲ್‌ಪ್ಯಾರಮ್’, ‘ಕ್ಯಾಮಲ್‌ಲೋಕಲ್’, ‘ಕ್ಯಾಮಲ್‌ರಿಟರ್ನ್’ ಎಂಬ ಮ್ಯಾಕ್ರೋಗಳಿಂದ (ಸಿದ್ಧ ಸಿ ತುಣುಕುಗಳಿಂದ) ಅವನ್ನು ನೋಂದಾಯಿಸಬೇಕು. ನಾನು ಅರೇಯನ್ನು ನೋಂದಾಯಿಸಿರಲಿಲ್ಲ. ಟ್ಯೂಪಲ್ ಕಟ್ಟುವ ಹೊತ್ತಿಗೆ ಹೀಪ್ ತುಂಬಿದರೆ ಅರೇಗೆ ವಾರಸುದಾರರಿಲ್ಲವೆಂದು ಕಲೆಕ್ಟರ್ ಅದನ್ನು ಬಿಟ್ಟುಬಿಡುತ್ತದೆ, ಸಿ ಕೋಡು ಮಾತ್ರ ಹಳೆಯ ವಿಳಾಸದಲ್ಲಿಯೇ ಬರೆಯುತ್ತಾ ಹೋಗುತ್ತದೆ. ನನ್ನ ಪ್ರೋಗ್ರಾಮ್ ಎಲ್ಲ ಸಾಲುಗಳನ್ನೂ ಅಳೆದಿಟ್ಟುಕೊಂಡು ಬಳಿಕ ಪುಟಗಳನ್ನು ವಿಭಾಗಿಸುತ್ತಿದ್ದುದರಿಂದ, ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಸಾಲಿನ ಅಂಕಿಗಳು ಬಂದು ಕೂತಿರುತ್ತಿದ್ದವು. 64 ಬಿಟ್ ಯಂತ್ರದಲ್ಲಿ ಮೈನರ್ ಹೀಪಿನ ಮೂಲ ಅಳತೆ 256ಕೆ ಪದಗಳು (ಇಲ್ಲಿ ಒಂದು ಪದ ಎಂದರೆ 8 ಬೈಟು), ಅಂದರೆ 2 ಎಂಬಿ. ಐದು ಅಂಕಿಗಳ ಟ್ಯೂಪಲ್ ತಲೆಬರಹವೂ ಸೇರಿ ಆರು ಪದಗಳನ್ನು ತಿನ್ನುವುದರಿಂದ, ಉಳಿದ ಖರ್ಚನ್ನು ಬಿಟ್ಟರೆ, 43 ಸಾವಿರ ಚಿಲ್ಲರೆ ಆಕೃತಿಗಳಿಗೆ ಒಮ್ಮೆ ಅದು ತುಂಬುತ್ತದೆ. ನಲವತ್ತು ಹೆಸರಿನ ಪರೀಕ್ಷೆಯಲ್ಲಿ ಅದು ತುಂಬುವ ಪ್ರಸಂಗವೇ ಇರಲಿಲ್ಲ. ಪೂರ್ತಿ ಪಟ್ಟಿಯಲ್ಲಿ ತುಂಬಿದ ಪ್ರತಿ ಸಲವೂ ಒಂದೊಂದು ಸಾಲು ಬಲಿಯಾಗುತ್ತಿತ್ತು. ‘ಓಕ್ಯಾಮಲ್‌ರನ್‌ಪ್ಯಾರಮ್’ ಎಂಬ ಪರಿಸರ ಚರದಲ್ಲಿ ‘ಎಸ್’ ಅನ್ನು, ಅಂದರೆ ಮೈನರ್ ಹೀಪಿನ ಅಳತೆಯನ್ನು, 4ಕೆ ಪದಗಳಿಗೆ ಇಳಿಸಿದಾಗ ನೂರು ಸಾಲು ದಾಟುವ ಮೊದಲೇ ದೋಷ ಕಾಣಿಸಿಕೊಂಡಿತು. ಓಕ್ಯಾಮಲ್‌ಗೆ ಕೈಯಿಂದ ಸೇತುವೆ ಬರೆಯುವವರು ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕು.

ಓಕ್ಯಾಮಲ್‌ನಲ್ಲಿಯೇ ‘ಸಿಟೈಪ್ಸ್’ ಎಂಬ ಲೈಬ್ರರಿಯೂ ಇದೆ. ಅದರಲ್ಲಿ ಸಿ ಕರೆಯ ವಿವರಣೆಯನ್ನು ಓಕ್ಯಾಮಲ್‌ನಲ್ಲೇ ಬರೆಯಬಹುದು, ಮೇಲಿನ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಎರಡು ಸಂಜೆ ಬಳಸಿದೆ, ಒಳ್ಳೆಯದಿದೆ. ಆದರೆ ಸ್ಟ್ರಕ್ಟಿನ (ಹಲವು ಅಂಕಿಗಳನ್ನು ಒಟ್ಟಿಗಿಡುವ ಸಿ ರಚನೆಯ) ಅಳತೆಗಳನ್ನು ಸಿ ಕಂಪೈಲರಿನಿಂದಲೇ ಪಡೆಯಬೇಕೆಂದರೆ ಹಲವು ಹಂತಗಳ ಬಿಲ್ಡ್ ಹೊಂದಿಸಬೇಕಾಗುತ್ತದೆ, ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

ಹ್ಯಾಸ್ಕೆಲ್‌ನಲ್ಲಿ ನಾನು ಸಿ ಭಾಷೆಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಹೊರಗಿನ ಕರೆಯನ್ನು ಘೋಷಿಸುವ ‘ಫಾರಿನ್ ಇಂಪೋರ್ಟ್’ ಹ್ಯಾಸ್ಕೆಲ್‌ನ 2010ರ ಭಾಷಾ ವರದಿಯಲ್ಲೇ ಸೇರಿರುವುದರಿಂದ ಹೊರಗಿನ ಲೈಬ್ರರಿಯ ಅಗತ್ಯವೂ ಬೀಳಲಿಲ್ಲ. ಇಲ್ಲಿ ಹ್ಯಾಸ್ಕೆಲ್ ಮತ್ತು ಸಿ ನಡುವಿನ ಗಡಿ ದಾಟುವುದು ಪೂರ್ಣಾಂಕ, ಪಾಯಿಂಟರಿನಂತಹ (ಮೆಮೊರಿಯ ವಿಳಾಸದಂತಹ) ಸರಳ ಮೌಲ್ಯಗಳು ಮಾತ್ರ. ಹ್ಯಾಸ್ಕೆಲ್ ಕಂಪೈಲರ್ ಆದ ಜಿಎಚ್‌ಸಿಯ ಕಲೆಕ್ಟರ್ ಕೂಡ ವಸ್ತುಗಳನ್ನು ಸಾಗಿಸುತ್ತದೆ, ಆದರೆ ಸಾಮಾನ್ಯ ಬಳಕೆಯಲ್ಲಿ ಆ ವಸ್ತುಗಳ ವಿಳಾಸ ಸಿ ಕೋಡಿನ ಕೈಗೆ ಸಿಗುವುದೇ ಇಲ್ಲ. ನನ್ನ ಐದು ರಾತ್ರಿಗಳನ್ನು ನುಂಗಿದ ತಪ್ಪಿಗೆ ಇಲ್ಲಿ ಆಸ್ಪದವಿಲ್ಲ. ಒಂದು ಆಕೃತಿಯ ಮಾಹಿತಿ 20 ಬೈಟುಗಳ ಸ್ಟ್ರಕ್ಟು. ಅದರಲ್ಲಿ ಯಾವ ಅಂಕಿ ಎಷ್ಟನೇ ಬೈಟಿನಲ್ಲಿದೆ ಎಂಬುದನ್ನು ‘ಎಚ್‌ಎಸ್‌ಸಿ2ಎಚ್‌ಎಸ್’ ಎಂಬ ಉಪಕರಣ ಲೈಬ್ರರಿಯ ಕರೆಗಳ ವಿವರವಿರುವ ಹೆಡರ್ ಫೈಲಿನಿಂದಲೇ ತೆಗೆದುಕೊಡುತ್ತದೆ. ಬಫರನ್ನು ‘ಫಾರಿನ್‌ಪಾಯಿಂಟರ್’ ಒಳಗಿಟ್ಟು ಅಳಿಸುವ ಕರೆಯನ್ನು ಅದಕ್ಕೆ ಕಟ್ಟಿದರೆ, ಬಳಕೆ ಮುಗಿದ ಮೇಲೆ ಮೆಮೊರಿ ತಾನಾಗಿಯೇ ಮರಳುತ್ತದೆ.

ಹ್ಯಾಸ್ಕೆಲ್‌ಗೂ ತನ್ನದೇ ಹಳ್ಳಗಳಿವೆ. ಹಾರ್ಫ್‌ಬಝ್ ಕೊಡುವ ಫಲಿತಾಂಶ ಬಫರಿನ ಒಳಗೇ ಇರುವುದರಿಂದ, ‘ವಿತ್‌ಫಾರಿನ್‌ಪಾಯಿಂಟರ್’ನ ಆವರಣ ಮುಗಿಯುವ ಮೊದಲು ಅದನ್ನು ಓದಿ ಮುಗಿಸಲೇಬೇಕು. ‘ಸಿಕಾಲ್’ ಎಂದು ಬರೆದ ಘೋಷಣೆಯ ಟೈಪುಗಳನ್ನು ಯಾರೂ ಹೆಡರಿನೊಡನೆ ಹೋಲಿಸುವುದಿಲ್ಲ. ‘ಕ್ಯಾಪಿ’ ಎಂದು ಬರೆದರೆ ಸಿ ಕಂಪೈಲರ್ ಹೆಡರನ್ನು ನೋಡುತ್ತದೆ, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ. ‘ಅನ್‌ಸೇಫ್’ ಎಂದು ಘೋಷಿಸಿದ ಕರೆಗೆ ಸಮಯದ ಖರ್ಚು ಕಡಿಮೆಯಾದರೂ, ಅದು ಮುಗಿಯುವ ತನಕ ಇತರ ಥ್ರೆಡ್‌ಗಳ ಕಸ ಸಂಗ್ರಹ ಕಾಯಬೇಕಾಗುತ್ತದೆ, ಮತ್ತು ಅದರೊಳಗಿಂದ ಸಿ ಕೋಡು ಹ್ಯಾಸ್ಕೆಲ್‌ಗೆ ಮರುಕರೆ ಮಾಡುವಂತಿಲ್ಲ. ಒಂದು ಹೆಸರಿನಷ್ಟು ಚಿಕ್ಕ ಸಾಲಿಗೆ ಅದರಿಂದ ತೊಂದರೆಯಾಗಲಿಲ್ಲ.

ಕಂಪೈಲ್ ಮಾಡುವ ವೇಗದಲ್ಲಿ ಓಕ್ಯಾಮಲ್ ಬಹಳ ಮುಂದಿದೆ. ಸ್ಟ್ಯಾಂಡರ್ಡ್ ಎಂಎಲ್ ಭಾಷೆಯ ಕಂಪೈಲರ್ ಆದ ಎಂಎಲ್‌ಟನ್‌ನಲ್ಲಿ ಸಿ ಕರೆಗಿರುವ ‘_ಇಂಪೋರ್ಟ್’ ಕೂಡ ಸೊಗಸಾಗಿದೆ, ಆದರೆ ಪ್ರತಿ ಸಲವೂ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ಕಂಪೈಲ್ ಮಾಡುವ ಅದರ ರೀತಿ ನನ್ನ ಯಂತ್ರಕ್ಕೆ ಒಗ್ಗಲಿಲ್ಲ.

ನನ್ನದು 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಆಗಿತ್ತು. ಅದರಲ್ಲಿ ಜಿಎಚ್‌ಸಿ ಏದುಸಿರು ಬಿಡುತ್ತಿತ್ತು, ಆಟಿಯ ಮಳೆಗೆ ಕರೆಂಟು ಹೋದರೆ ಬಿಲ್ಡ್ ಮುಗಿಯುವುದರೊಳಗೆ ಬ್ಯಾಟರಿಯೂ ಮುಗಿಯುತ್ತಿತ್ತು. ಕೊನೆಗೆ ಮೆಮೊರಿಯನ್ನು 8 ಜಿಬಿಗೆ ಏರಿಸಿದೆ. ಸಂಚಿಕೆಯ ಕೆಲಸಕ್ಕೆ ಭಾವ ಕೊಟ್ಟ ಹಣದ ಒಂದು ಪಾಲು ಅದಕ್ಕೆ ಹೋಯಿತು. ತೋಟದ ಕೆಲಸ ಮುಗಿಸಿ ರಾತ್ರಿ ಎರಡು ಗಂಟೆ ಮಾತ್ರ ಕೂತು ಬರೆಯುವ, ಸಿ ಕೋಡನ್ನು ಓದಿ ತಿದ್ದಿಕೊಡುವ ಜೊತೆಗಾರರಿಲ್ಲದ ನನಗೆ ಆ ಖರ್ಚು ಸರಿಯೆನಿಸಿತು. ದಿನವೂ ಸಿ ಬರೆಯುವ ಅಭ್ಯಾಸವಿದ್ದು ಮೆಮೊರಿಗೆ ಹಣ ಹಾಕಲಾಗದವರು ಓಕ್ಯಾಮಲ್‌ನಲ್ಲೇ ಉಳಿಯಬಹುದು, ಮ್ಯಾಕ್ರೋಗಳನ್ನು ಮಾತ್ರ ಮರೆಯಬಾರದು. ನನ್ನ ಓಕ್ಯಾಮಲ್ ಪ್ರತಿಯನ್ನು ತಿದ್ದಿ ಇಟ್ಟುಕೊಂಡಿದ್ದೇನೆ, ಮದುವೆಯ ಆಮಂತ್ರಣದಂತಹ ಒಂದು ಪುಟದ ಕೆಲಸಗಳಿಗೆ ಭಾವ ಈಗಲೂ ಅದನ್ನೇ ಬಳಸುತ್ತಾರೆ. ದಾನಿಗಳ ಪಟ್ಟಿ ಮಾತ್ರ ಹ್ಯಾಸ್ಕೆಲ್‌ನಿಂದಲೇ ಹೋಗುತ್ತದೆ.